ಮೇಲ್ಮನೆಯ ಪರದೆ, ಕೆಳಮನೆಯ ಪೆಟ್ಟಿಗೆ

ಮಾರ್ಚ್ 2

ಮೇಲ್ಮನೆಯವಳಿಗೆ,

ಇದು ಮಾತಲ್ಲ, ಪತ್ರ. ನಿನ್ನ ಜೊತೆ ಮಾತು ಬಿಟ್ಟಿದ್ದೇನೆ ಎಂಬುದು ಹಾಗೆಯೇ ಇದೆ, ಅದರಲ್ಲಿ ಒಂದು ಎಳೆಯೂ ಬದಲಾಗಿಲ್ಲ. ಬರೆಯುವುದಿಲ್ಲ ಎಂದು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ನಿನ್ನ ಭಾವ ಇದನ್ನು ಮೆಟ್ಟಿಲು ಹತ್ತಿ ತಂದುಕೊಡುತ್ತಾರೆ. ಅವರಿಗೆ ಚಹಾ ಕೊಡಬೇಡ, ಇಲ್ಲಿ ಕುಡಿದೇ ಬರುತ್ತಾರೆ.

ವಿಷಯ ಇಷ್ಟು. ನಮ್ಮ ಬ್ರಾಡ್‌ಬ್ಯಾಂಡಿನ ಹಳೆಯ ರೂಟರ್ ಮುದಿಯಾಗಿದೆ. ಮಧ್ಯಾಹ್ನವಾದರೆ ಸಾಕು, ಕಣ್ಣು ಮಿಟುಕಿಸಿ ಮಲಗಿಬಿಡುತ್ತದೆ. ಬರುವ ಸೋಮವಾರ ಕಂಪನಿಯವರು ಬಂದು ಹೊಸದನ್ನು ಹಾಕುತ್ತಾರೆ. ನಿನ್ನ ಮನೆಗೂ ವೈಫೈ ನಮ್ಮ ಪೆಟ್ಟಿಗೆಯಿಂದಲೇ ಹತ್ತಿ ಬರುವುದರಿಂದ ತಿಳಿಸಬೇಕಾದದ್ದು ನನ್ನ ಕರ್ತವ್ಯ, ತಿಳಿಸಿದ್ದೇನೆ.

ಅಂದು ನಿನ್ನ ಮನೆಯ ತುಂಬ ಇರುವ ಆ ಯಂತ್ರಗಳಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. 'ದೀಪ ಹಚ್ಚು' ಎಂದರೆ ಹತ್ತುವ ದೀಪ, 'ಫ್ಯಾನು ಜೋರು' ಎಂದರೆ ತಿರುಗುವ ಫ್ಯಾನು. ಸ್ವಿಚ್ಚಿನವರೆಗೆ ಕೈ ಎತ್ತಲು ಅಷ್ಟು ಸೋಮಾರಿತನವೇ? ಒಬ್ಬಳೇ ಇರುವ ಎರಡು ಕೋಣೆಯ ಮನೆಗೆ ಇಷ್ಟೆಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಪರದೆಯ ವಿಷಯ ಎತ್ತುವುದಿಲ್ಲ ಎಂದುಕೊಂಡಿದ್ದೆ. ಆದರೆ ಎತ್ತುತ್ತೇನೆ. ಊರಿಗೆಲ್ಲ ಪರದೆ ಹೊಲಿದುಕೊಡುವವಳು ನಾನು. ನೀನು ಈ ಮನೆಗೆ ಬಂದಾಗ ನೇರಳೆ ಬಣ್ಣದ ಬಟ್ಟೆ ಆರಿಸಿ, ದಪ್ಪ ಲೈನಿಂಗ್ ಕೊಟ್ಟು, ನೆರಿಗೆ ಒಂದೊಂದನ್ನೂ ಕೈಯಲ್ಲೇ ಹಿಡಿದು ಹೊಲಿದಿದ್ದೆ. ಅದನ್ನು ಇಳಿಸಿ ಅಂಗಡಿಯಿಂದ ಮೋಟಾರಿನ ಪರದೆ ತಂದು ಹಾಕಿದೆಯಲ್ಲ, ಬೂದಿ ಬಣ್ಣದ್ದು, ಗಾಳಿಗೆ ಹೆದರುವಂಥದ್ದು. ಅದನ್ನು ನಾನು ನೋಡಿದ್ದು ಬೀದಿಯಲ್ಲಿ, ಪಕ್ಕದಲ್ಲಿ ಗಿರಾಕಿ ನಿಂತಿರುವಾಗ. 'ಮೇಲಿಂದೂ ನೀವೇ ಹೊಲ್ದಿದ್ದಾ?' ಎಂದು ಆಕೆ ಕೇಳಿದರು. ನಿನ್ನನ್ನು ಕೇಳಿದರೆ, 'ಈಗ ಅಂಥ ಪರದೆ ಯಾರು ಹಾಕ್ತಾರೆ ಅಕ್ಕ' ಎಂದೆ. ಅದೇ ನಾವು ಆಡಿದ ಕೊನೆಯ ಮಾತು, ಅದು ಕೊನೆಯದಾಗಿಯೇ ಇರಲಿ.

ಇಂತಿ,
ಕೆಳಮನೆ


ಮಾರ್ಚ್ 4

ಕೆಳಮನೆಯ ಯಜಮಾನಿಗೆ,

ಭಾವ ಚಹಾ ಕುಡಿದರು. ಎರಡು ಲೋಟ. ಕೆಳಗಿನದ್ದಕ್ಕೆ ಸಕ್ಕರೆ ಕಡಿಮೆಯಂತೆ, ಇದನ್ನು ಅವರು ಹೇಳಲಿಲ್ಲ, ಮುಖ ಹೇಳಿತು.

ಮೊದಲು ಮಾತಾಡಿದವರು ಸೋತ ಹಾಗೆ ಎಂದು ನಾನೂ ಅಂದುಕೊಂಡಿದ್ದೇನೆ, ಹಾಗಾಗಿ ನಾನೂ ಮಾತಾಡುತ್ತಿಲ್ಲ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲಾದರೆ ನಾನು ಹಿಡಿದದ್ದಕ್ಕೆ ಎರಡೇ.

ರೂಟರಿನ ವಿಷಯಕ್ಕೆ ಒಂದೇ ಬೇಡಿಕೆ. ನನ್ನ ದೀಪ, ಫ್ಯಾನು, ಸ್ಪೀಕರು, ಪರದೆ ಇವಕ್ಕೆಲ್ಲ ಗೊತ್ತಿರುವುದು ಹಳೆಯ ವೈಫೈಯ ಹೆಸರು ಮತ್ತು ಪಾಸ್‌ವರ್ಡ್ ಮಾತ್ರ. ಹೊಸ ಪೆಟ್ಟಿಗೆಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಡಿಸು. ಆಗ ಪೆಟ್ಟಿಗೆ ಬದಲಾದದ್ದೇ ಇವಕ್ಕೆ ತಿಳಿಯುವುದಿಲ್ಲ, ತಾವಾಗಿಯೇ ಸೇರಿಕೊಳ್ಳುತ್ತವೆ. ಹೆಸರು ಬದಲಾದರೆ ಒಂದೊಂದನ್ನೂ ಹಿಡಿದು ಹಳೆಯದನ್ನು ಮರೆಸಿ ಹೊಸದನ್ನು ಕಲಿಸಬೇಕು. ಮಗ್ಗಿ ಬಾರದ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ.

ಹಳೆಯ ಹೆಸರು ನಾನೇ ಇಟ್ಟದ್ದು, 'ಮೇಲೂ ಕೆಳಗೂ' ಅಂತ. ಪಾಸ್‌ವರ್ಡ್ ಇಟ್ಟವಳು ನೀನು. ನಲವತ್ತು ದಾಟಿದವಳನ್ನು ನಾಲ್ಕು ಜನರ ಎದುರು ಏನೆಂದು ಕರೆದರೆ ನನಗೆ ಮೈ ಉರಿಯುತ್ತದೋ ಅದೇ. ಇಲ್ಲಿ ಬರೆಯುವುದಿಲ್ಲ, ಭಾವ ದಾರಿಯಲ್ಲಿ ಓದುತ್ತಾರೆ.

ಇನ್ನೊಂದು. ಭಾವ ಇಲ್ಲದಾಗ ಪತ್ರವನ್ನು ಬಾಲ್ಕನಿಯ ಬುಟ್ಟಿಯಲ್ಲಿ ಇಡಬೇಡ. ಹಗ್ಗ ಎಳೆದು ಹಾಲು, ಬ್ರೆಡ್ಡು ತರಿಸಿಕೊಳ್ಳುವ ಕಾಲ ಮುಗಿಯಿತು, ಬುಟ್ಟಿಗೆ ನಿವೃತ್ತಿ ಕೊಟ್ಟಿದ್ದೇನೆ. ಮೆಟ್ಟಿಲ ಮೇಲಿಡು.

ಇಂತಿ,
ಮೇಲ್ಮನೆ


ಮಾರ್ಚ್ 9

ಮೇಲ್ಮನೆಯವಳಿಗೆ,

ಬುಟ್ಟಿಗೂ ನಿವೃತ್ತಿಯಾಯಿತೇ? ಆ ಹಗ್ಗಕ್ಕೆ ಬಟ್ಟೆ ಸುತ್ತಿ ಕೈ ಉರಿಯದ ಹಾಗೆ ಮಾಡಿಕೊಟ್ಟವಳೂ ನಾನೇ. ಇನ್ನು ನನ್ನ ಕೈಯದು ಏನೇನು ಉಳಿದಿದೆಯೋ ಒಂದು ಸಲ ನೋಡಿ ಹೇಳು, ಎಲ್ಲವನ್ನೂ ಒಟ್ಟಿಗೆ ವಾಪಸ್ ತೆಗೆದುಕೊಳ್ಳುತ್ತೇನೆ.

ಇವತ್ತು ಹೊಸ ರೂಟರ್ ಬಂತು. ಹಾಕಲು ಬಂದವರು ಮರ್ಯಾದಸ್ಥರು, ಚಪ್ಪಲಿ ಹೊರಗೆ ಬಿಟ್ಟು ಬಂದರು, ಗೋಡೆಗೆ ಕೊರೆದ ತೂತಿನ ಪುಡಿಯನ್ನು ತಾವೇ ಗುಡಿಸಿದರು. ಪೆಟ್ಟಿಗೆಗೆ ನಾಲ್ಕು ಕೊಂಬುಗಳಿವೆ. ಮುಂದಿನ ಕೋಣೆಯ ಅಂಗಡಿಯಲ್ಲಿ, ನನ್ನ ಹೊಲಿಗೆ ಯಂತ್ರದ ಪಕ್ಕದ ಕಪಾಟಿನ ಮೇಲೆ ಇಟ್ಟಿದ್ದೇವೆ.

'ವೈಫೈಗೆ ಹೆಸರೇನಿಡ್ಲಿ ಅಮ್ಮ? ಹಳೇದೇ ಇಟ್ರೆ ಮನೇಲಿರೋ ಬೇರೆ ಸಾಮಾನಿಗೆಲ್ಲ ಸುಲಭ' ಎಂದರು.

'ಬೇಡ. ಕೆಳಮನೆ ಅಂತ ಇಡಿ. ಬರೀ ಕೆಳಮನೆ' ಎಂದೆ.

ಪಾಸ್‌ವರ್ಡ್ ಕೇಳಿದರು. ಹೇಳಿದೆ. 'ಇಷ್ಟುದ್ದಾನಾ?' ಎಂದು ಎರಡು ಸಲ ಕೇಳಿ, ಒಂದೇ ಬೆರಳಿನಲ್ಲಿ ಕುಟ್ಟಿದರು.

ನಾನು ಕಲ್ಲೆದೆಯವಳಲ್ಲ, ನಿನಗೂ ವೈಫೈ ಕೊಡುತ್ತೇನೆ. ಹೊಸ ಪಾಸ್‌ವರ್ಡ್ ಇದು: 'ಲೈನಿಂಗ್ ಇಲ್ಲದ ಪರದೆ ಪರದೆಯೇ ಅಲ್ಲ'. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ, ಎಲ್ಲ ಚಿಕ್ಕ ಅಕ್ಷರ. ಒಂದೊಂದು ಯಂತ್ರಕ್ಕೂ ನಿಧಾನವಾಗಿ ಹೇಳಿಕೊಡು. ಪರದೆಗೆ ಮಾತ್ರ ಎರಡು ಸಲ ಹೇಳು.

ಇಂತಿ,
ಕೆಳಮನೆ


ಮಾರ್ಚ್ 14

ಕೆಳಮನೆಯ ಯಜಮಾನಿಗೆ,

ನಿನ್ನ ವಾಕ್ಯ ನನಗೆ ಬಾಯಿಪಾಠವಾಗಿದೆ. ನಿನ್ನೆ ಸಲೂನಿನಲ್ಲಿ ಒಬ್ಬರ ಕೂದಲು ಕತ್ತರಿಸುತ್ತ ಅದನ್ನೇ ಗುನುಗುತ್ತಿದ್ದೆನಂತೆ, ಅವರು 'ಏನು ಮೇಡಂ, ಪರದೆ ವ್ಯಾಪಾರ ಶುರು ಮಾಡಿದ್ರಾ?' ಎಂದರು.

ಯುದ್ಧದ ವರದಿ ಓದು. ದೀಪಕ್ಕೆ ಹಳೆಯದನ್ನು ಮರೆಸಬೇಕೆಂದರೆ ಸ್ವಿಚ್ಚನ್ನು ಹಾಕಿ ಆರಿಸಿ, ಹಾಕಿ ಆರಿಸಿ, ಅದು ತಾನಾಗಿ ಮಿಣಮಿಣ ಎನ್ನುವವರೆಗೆ ಮಾಡಬೇಕು. ಮಾಡಿದೆ. ಎದುರು ಮನೆಯವರು ಕಿಟಕಿಯಲ್ಲಿ ನಿಂತು, ಪರದೆಯ ಅಂಚಿನಲ್ಲಿ ಮಿನುಗುವ ಬೆಳಕು ಕಂಡು, ನಾನು ಯಾರಿಗೋ ಸನ್ನೆ ಮಾಡುತ್ತಿದ್ದೇನೆಂದುಕೊಂಡರು. ಮಿಣಮಿಣ ಎಂದಿತು, ಆದರೆ ಫೋನಿಗೆ ಸಿಗಲಿಲ್ಲ. ನಿನ್ನ ನಾಲ್ಕು ಕೊಂಬಿನ ಪೆಟ್ಟಿಗೆಗೆ ಎರಡು ದಾರಿಗಳಂತೆ, ಒಂದು ವೇಗದ್ದು, ಒಂದು ನಿಧಾನದ್ದು. ನನ್ನ ಫೋನು ವೇಗದ ದಾರಿ ಹಿಡಿದು ಕೂತಿದೆ, ದೀಪಕ್ಕೆ ತಿಳಿದಿರುವುದು ನಿಧಾನದ್ದು ಮಾತ್ರ. ಎರಡೂ ಒಂದೇ ಕೋಣೆಯಲ್ಲಿದ್ದು ಒಂದನ್ನೊಂದು ಹುಡುಕಾಡುತ್ತಿದ್ದವು. ಕೊನೆಗೆ ಫೋನು ಹಿಡಿದು ಬಾಲ್ಕನಿಯ ತುದಿಗೆ ಹೋದೆ. ವೇಗದ ದಾರಿ ಅಲ್ಲಿಯವರೆಗೆ ಬರುವುದಿಲ್ಲ, ಆಗ ಫೋನು ಸೊಕ್ಕಿಳಿದು ನಿಧಾನದ ದಾರಿಗೆ ಬಂತು. ದೀಪ ಸಿಕ್ಕಿತು. ಆಮೇಲೆ ಫ್ಯಾನು. ಆಮೇಲೆ ಸ್ಪೀಕರು, ಅದು ನಿನ್ನ ವಾಕ್ಯವನ್ನು ಮೂರು ಸಲ ತಪ್ಪೆಂದಿತು, ಅದಕ್ಕೆ ನನ್ನ ಕಡೆಯ ನಿಷ್ಠೆ ಇರಬೇಕು.

ಪರದೆ ಒಂದು ಬಾಕಿ. ಅದಕ್ಕೆ ಹಳೆಯದನ್ನು ಮರೆಸುವ ಗುಂಡಿ ಮೋಟಾರಿನ ಮೇಲಿದೆ, ಮೋಟಾರು ಪರದೆಯ ಕಂಬಿಯ ತುದಿಯಲ್ಲಿದೆ, ಕಂಬಿ ಸೂರಿನ ಹತ್ತಿರ ಇದೆ. ಗುಂಡಿಯನ್ನು ಕೆಂಪು ದೀಪ ಬರುವವರೆಗೆ ಒತ್ತಿ ಹಿಡಿಯಬೇಕು. ಸದ್ಯಕ್ಕೆ ಅದು ಮುಚ್ಚಿದಲ್ಲೇ ಮುಚ್ಚಿಕೊಂಡಿದೆ. ಅವಸರವೇನೂ ಇಲ್ಲ, ಕತ್ತಲೆಯಲ್ಲಿ ನನ್ನ ಮೈಬಣ್ಣ ಚೆನ್ನಾಗಿ ಕಾಣುತ್ತದೆ.

ಅಂದ ಹಾಗೆ, ಭಾವನ ಡ್ಯೂಟಿ ಮುಗಿದು ಅವರು ಮನೆಗೆ ಬರುವುದು ಯಾವತ್ತು? ಸುಮ್ಮನೆ ಕೇಳಿದೆ.

ಇಂತಿ,
ಮೇಲ್ಮನೆ


ಮಾರ್ಚ್ 16

ಮೇಲ್ಮನೆಯವಳಿಗೆ,

ನಿನ್ನ ಭಾವ ರೈಲಿನ ಗಾರ್ಡು, ನಿನ್ನ ಪರದೆಯ ಗಾರ್ಡಲ್ಲ. ಇವತ್ತು ಸಂಜೆ ಹೊರಟರೆ ವಾರದ ಕೊನೆಗೇ ಬರುವುದು. ಬಂದ ಮೇಲೂ ಸ್ಟೂಲು ಹತ್ತಲು ಅವರನ್ನು ಕರೆಯಬೇಡ. ಒಂದು ಗುಂಡಿ ಒತ್ತಲು ಒಬ್ಬ ಗಂಡಸು ಬೇಕೇ? ಚಿಕ್ಕವಳಿದ್ದಾಗ ಬೀದಿಯ ಗೋಡೆಗಳನ್ನೆಲ್ಲ ಹತ್ತಿ ಇಳಿದವಳು, ಕೆಳಗೆ ನಿಂತು ನಿನ್ನ ಚಪ್ಪಲಿ ಹಿಡಿದುಕೊಂಡವಳು ನಾನು.

ಬೀದಿಯಲ್ಲಿ ಹೋಗುವವರು ನನ್ನನ್ನು ಕೇಳುತ್ತಿದ್ದಾರೆ, 'ಮೇಲ್ಗಡೆ ಯಾರಿಗಾದ್ರೂ ಹುಷಾರಿಲ್ವಾ, ಹಗಲೆಲ್ಲ ಮುಚ್ಚಿರುತ್ತಲ್ಲ?' ಎಂದು. ಹುಷಾರಿಲ್ಲದ್ದು ಪರದೆಗೆ ಎನ್ನುತ್ತೇನೆ.

ಇನ್ನೊಂದು ಮಾತೂ ಕಿವಿಗೆ ಬಿತ್ತು. ನೀನೀಗ ಕೂತುಕೊಂಡೇ ಕೂದಲು ಕತ್ತರಿಸುತ್ತೀಯಂತೆ. ಗಿರಾಕಿಯ ಕುರ್ಚಿಯನ್ನು ನೆಲಕ್ಕೆ ಇಳಿಸಿ, ನೀನು ಎತ್ತರದ ಸ್ಟೂಲಿನ ಮೇಲೆ ಮಹಾರಾಣಿಯ ಹಾಗೆ. ನನ್ನ ಗಿರಾಕಿಯೊಬ್ಬರು ಹೇಳಿದರು. ಹೀಗೇ ಹೋದರೆ ನಾಳೆ ಕತ್ತರಿಗೂ ಒಂದು ಮೋಟಾರು ಹಾಕಿಸುತ್ತೀಯ.

ಇಂತಿ,
ಕೆಳಮನೆ


ಮಾರ್ಚ್ 16, ಸಂಜೆ

ನಾದಿನಿಗೆ,

ಹೊರಡುವ ಗಡಿಬಿಡಿಯಲ್ಲಿ ಬರೆದು ನಿನ್ನ ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಈ ಮನೆಯಲ್ಲಿ ನನ್ನ ಸ್ಥಿತಿ ಅತ್ತ ದರಿ ಇತ್ತ ಪುಲಿ. ಕೆಳಗೆ ಕೂತರೆ 'ಮೇಲೇನು ನಡೀತಿದೆ' ಎನ್ನುತ್ತಾಳೆ, ಮೇಲೆ ಬಂದರೆ ನೀನು 'ಕೆಳಗೆ ಹೇಳ್ಬೇಡಿ' ಎನ್ನುತ್ತೀಯ.

ಡಾಕ್ಟರ ಹತ್ತಿರ ನಿನ್ನನ್ನು ಕರೆದುಕೊಂಡು ಹೋದದ್ದು ನಾನು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟದ್ದೂ ನಾನು. ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ಆದರೆ ಅವಳು ನಿನ್ನನ್ನು ಸೋಮಾರಿ ಎಂದಾಗಲೆಲ್ಲ ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತೇನೆ. ಬಲ ಭುಜ ಬಿಗಿದುಕೊಂಡು ಕೈ ಎದೆಗಿಂತ ಮೇಲೆ ಏಳುವುದಿಲ್ಲ ಎಂದು ಒಂದು ಮಾತು ಅಕ್ಕನಿಗೆ ಹೇಳಿದರೆ ಏನು ಹೋಗುತ್ತದೆ? ಹೇಳಿಬಿಡಮ್ಮ.

ಪರದೆಯ ಗುಂಡಿ ನಾನು ಬಂದು ಒತ್ತುತ್ತೇನೆ. ಅಲ್ಲಿಯವರೆಗೆ ಸ್ಟೂಲು ಹತ್ತಬೇಡ. ಇದು ಗಾರ್ಡಿನ ಕೆಂಪು ಬಾವುಟ ಎಂದು ತಿಳಿ.

ನಿನ್ನ
ಭಾವ


ಮಾರ್ಚ್ 20

ಪಾಪಚ್ಚಿ,

ನಿನ್ನೆ ಮಧ್ಯಾಹ್ನ ಮೇಲೆ ಸ್ಟೂಲು ಉರುಳಿದ ಸದ್ದು ಕೇಳಿ ನಾನು ಬಂದದ್ದು, ನನ್ನ ಕೀಲಿಯಿಂದ ಬಾಗಿಲು ತೆಗೆದದ್ದು, ನೀನು ಗೋಡೆಗೆ ಒರಗಿ ನಿಂತದ್ದು, ಇಬ್ಬರೂ ತುಟಿ ಪಿಟಕ್ಕೆನ್ನದೆ ಒಬ್ಬರನ್ನೊಬ್ಬರು ನೋಡಿದ್ದು, ಇವೆಲ್ಲ ನಿನಗೆ ಗೊತ್ತು. ನಾನು ನೋಡಿದ್ದನ್ನು ಬರೆಯುತ್ತೇನೆ. ನಿನ್ನ ಎಡಗೈಯಲ್ಲಿ ತಲೆ ಬಾಚುವ ಉದ್ದ ಬ್ರಷ್ಷಿತ್ತು, ಅದರ ಹಿಡಿಯಿಂದ ಗುಂಡಿ ತಿವಿಯಲು ಹೊರಟಿದ್ದೆ. ನನ್ನನ್ನು ನೋಡಿದ ಕೂಡಲೇ ಅದು ನಿನ್ನ ಕೈಯಿಂದ ಜಾರಿತು, ನಾನು ಎತ್ತಿ ನಿನ್ನ ಬಲಗೈಗೆ ಚಾಚಿದೆ. ನೀನು ಕೈ ಚಾಚಲಿಲ್ಲ. ಚಾಚಲು ನೋಡಿದೆ, ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು, ಮುಖ ಬೆಳ್ಳಗಾಯಿತು.

ನಾನು ಬ್ರಷ್ಷನ್ನು ಅಲ್ಲೇ ಇಟ್ಟೆ. ತಿರುಗಿ ಮೆಟ್ಟಿಲಿಳಿದುಬಿಟ್ಟೆ. ನೀನು ಅದನ್ನು ಕೋಪ ಎಂದುಕೊಂಡಿರುತ್ತೀಯ. ಕೋಪವೂ ಇತ್ತು. ಕೆಳಗೆ ಬಂದು ಯಂತ್ರದ ಮುಂದೆ ಕೂತು ಒಬ್ಬರ ಪರದೆಯ ಅಂಚನ್ನು ಪೂರ್ತಿ ತಿರುಗುಮುರುಗಾಗಿ ಹೊಲಿದೆ. ಅದನ್ನು ಬಿಚ್ಚುತ್ತ ಅತ್ತೆ. ಅಳು ಬಂದರೆ ಬಂತು ಎಂದು ಬರೆಯುತ್ತೇನೆ, ನನಗೆ ನಿನ್ನ ಹಾಗೆ ಮುಚ್ಚಿಡಲು ಬರುವುದಿಲ್ಲ.

ಎತ್ತರದ ಸ್ಟೂಲು, ನಿವೃತ್ತಿಯಾದ ಬುಟ್ಟಿ, ಮಾತಿಗೆ ಹತ್ತುವ ದೀಪ. ಎಲ್ಲ ನನ್ನ ಕಣ್ಣೆದುರಿಗೇ ಇತ್ತು, ನಾನು ಅದನ್ನೆಲ್ಲ ಸೇರಿಸಿ ಸೋಮಾರಿತನ ಎಂದು ಹೊಲಿದೆ. ನೇರಳೆ ಪರದೆ ಎಷ್ಟು ಭಾರ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅದನ್ನು ದಿನಾ ಆ ಕೈಯಲ್ಲಿ ಎಳೆಯುತ್ತಿದ್ದೆಯಾ?

ನಿನ್ನ ಭಾವನಿಗೆ ಮೊದಲೇ ಗೊತ್ತಿತ್ತೆಂದು ಫೋನಿನಲ್ಲಿ ಬಾಯಿಬಿಟ್ಟಿದ್ದಾರೆ. ಅವರು ಬಂದ ದಿನ ಅವರಿಗೆ ಒಣ ಬ್ರೆಡ್ಡು.

ಯಾಕೆ ಹೇಳಲಿಲ್ಲ? ಇದೊಂದಕ್ಕೆ ಉತ್ತರ ಕೊಡು.

ಅಕ್ಕ


ಮಾರ್ಚ್ 22

ಅಕ್ಕ,

ಹೇಳುತ್ತೇನೆ. ನಡುವೆ ಎದ್ದು ಬರದೆ ಪೂರ್ತಿ ಓದು.

ನನಗೆ ಕಾಲೇಜಿನ ವರ್ಷ ಜ್ವರ ಬಂದಾಗ ನೀನು ಅಂಗಡಿ ಮುಚ್ಚಿ ನನ್ನ ಹಾಸಿಗೆಯ ಪಕ್ಕ ಕೂತೆ. ನಾನು ಎದ್ದು ಓಡಾಡಿದ ಮೇಲೂ ಕೂತೇ ಇದ್ದೆ. ಲೋಟ ಎತ್ತಲು ಬಿಡುತ್ತಿರಲಿಲ್ಲ, ತಲೆ ಬಾಚಲು ಬಿಡುತ್ತಿರಲಿಲ್ಲ. ನಿನ್ನ ಅರ್ಧ ಗಿರಾಕಿಗಳು ಬೇರೆಯವರ ಹತ್ತಿರ ಹೋದರು. ಈ ಸಲ ಹೇಳಿದ್ದರೆ ಮರುದಿನವೇ ನನ್ನ ಬಾಗಿಲಲ್ಲಿ ಬಾಚಣಿಗೆ ಹಿಡಿದು ನಿಂತಿರುತ್ತಿದ್ದೆ. ಇಲ್ಲ ಎನ್ನು ನೋಡೋಣ.

ಡಾಕ್ಟರು ಹೇಳಿದ್ದು ಇಷ್ಟು: ಇದು ತಾನಾಗಿ ಬಿಗಿದುಕೊಂಡದ್ದು, ನಿಧಾನವಾಗಿ ತಾನೇ ಬಿಡುತ್ತದೆ, ಆದರೆ ದಿನಾ ಕೈಗೆ ಕೆಲಸ ಕೊಡಬೇಕು. ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಹತ್ತಿಸಬೇಕು. ನಾನು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೇನೆ. ಮೊದಲ ಗುರುತು ಸೊಂಟದ ಹತ್ತಿರ, ಈಗಿನದು ಎದೆಯ ಹತ್ತಿರ. ಕೈಯೆತ್ತಿ ದುಡಿಯುವವಳು ನಾನು ಅಕ್ಕ. ಈ ಕೈ ಮೇಲೇಳದಿದ್ದರೆ ಎಂದು ಹೆದರಿಕೆ ಇದೆ. ನೀನು ಬಂದು ಕೂತರೆ ಆ ಹೆದರಿಕೆ ನಿಜವಾಗಿಬಿಡುತ್ತದೆ ಎನ್ನಿಸಿತು. ಅದಕ್ಕೇ ದೀಪಕ್ಕೆ ಮಾತು ಕಲಿಸಿದೆ. ದೀಪ ನನ್ನನ್ನು ಪಾಪ ಎನ್ನುವುದಿಲ್ಲ.

'ಈಗ ಅಂಥ ಪರದೆ ಯಾರು ಹಾಕ್ತಾರೆ' ಎಂದದ್ದು ನಿನಗೆ ಎಲ್ಲಿ ಚುಚ್ಚುತ್ತದೆ ಎಂದು ಗೊತ್ತಿದ್ದೇ ಅಂದದ್ದು. ಸಿಟ್ಟು ಬಂದರೆ ನೀನು ಮೇಲೆ ಬರುವುದಿಲ್ಲವಲ್ಲ ಎಂದು. ನೇರಳೆ ಪರದೆ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದೆ, ಮಡಿಕೆ ಮಡಿಕೆಗೂ ಹಳೆಯ ಕಾಗದ ಇಟ್ಟಿದ್ದೇನೆ. ಮೋಟಾರಿನ ಅಂಗಡಿಯವರು ನಿನ್ನ ಕೊಕ್ಕೆಗಳು ಅವರ ಕಂಬಿಗೆ ಕೂರುವುದಿಲ್ಲ, ಅವರ ಪರದೆಯನ್ನೇ ಹಾಕಬೇಕು ಎಂದರು. ನಂಬಿದೆ.

ಷರತ್ತು: ಬೆಳಿಗ್ಗೆ ಬಾಚಣಿಗೆ ಹಿಡಿದು ಬರಕೂಡದು. ಅಂಗಡಿ ಮುಚ್ಚಕೂಡದು. ಮತ್ತು ಮಾತು ಬಿಟ್ಟಿರುವುದು ಹಾಗೇ ಇರಲಿ, ಇಷ್ಟು ದಿನ ಹಿಡಿದು ಈಗ ಸೋಲಲು ನನಗೆ ಮನಸ್ಸಿಲ್ಲ.

ನಿನ್ನ ತಂಗಿ

(ಪಾಪಚ್ಚಿ ಎಂದು ಬರೆದದ್ದನ್ನು ನೋಡಿದೆ. ಈ ಸಲ ಬಿಟ್ಟಿದ್ದೇನೆ.)


ಏಪ್ರಿಲ್ 3

ಏನ್ರೀ,

ನಿಮ್ಮ ಜೊತೆಗಾರರ ಕೈಯಲ್ಲಿ ಇದನ್ನು ನೀವು ತಂಗಿರುವ ವಿಶ್ರಾಂತಿ ಕೋಣೆಗೆ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ 'ಹೂಂ' ಎಂದು ಮುಗಿಸುತ್ತೀರಿ. ನನಗೆ ತೀರ್ಪು ಬೇಕು, ಬರಹದಲ್ಲಿ.

ಪಾಪಚ್ಚಿಯ ಪರದೆ ಮುಚ್ಚಿದ್ದು ನೋಡಿ ನೋಡಿ ನನಗೆ ತಡೆಯಲಿಲ್ಲ. ಕಳೆದ ಸಲ ಬಂದಾಗ ನೀವು ಗುಂಡಿ ಒತ್ತಲು ಹೋದರೆ ಅವಳು ಬಾಗಿಲಲ್ಲೇ ತಡೆದು, 'ಬೇಡ ಭಾವ, ನಾನೇ ಒತ್ತುವ ದಿನ ಬರುತ್ತೆ' ಎಂದಳಂತಲ್ಲ. ಅಲ್ಲಿಯವರೆಗೆ ಗುಹೆಯಲ್ಲಿ ಕೂರುವುದೇ? ಆಗ ಅವಳು ಮೊದಲೇ ಬರೆದದ್ದು ನೆನಪಾಯಿತು. ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಇಟ್ಟರೆ ಯಾರೂ ಯಾವ ಗುಂಡಿಯನ್ನೂ ಒತ್ತಬೇಕಾಗಿಲ್ಲ. ರೂಟರ್ ಹಾಕಿದವರಿಗೆ ಫೋನು ಮಾಡಿದೆ. ಅವರು ಹೇಳುತ್ತ ಹೋದರು, ನಾನು ಕನ್ನಡಕ ಹಾಕಿ ಕುಟ್ಟುತ್ತ ಹೋದೆ. ಇವತ್ತು ಬೆಳಿಗ್ಗೆ 'ಕೆಳಮನೆ' ಹೋಗಿ ಮತ್ತೆ 'ಮೇಲೂ ಕೆಳಗೂ' ಆಯಿತು. ಪಾಸ್‌ವರ್ಡು ಪಾಪಚ್ಚಿ.

ಬೀದಿಗೆ ಹೋಗಿ ತಲೆಯೆತ್ತಿ ನಿಂತೆ. ಬೆಳಿಗ್ಗೆ ತೆರೆಯಬೇಕು ಎಂದು ಅವಳು ಅದಕ್ಕೆ ಮೊದಲೇ ಹೇಳಿಟ್ಟ ಹೊತ್ತೊಂದಿದೆಯಲ್ಲ. ಆ ಹೊತ್ತಿಗೆ ಸರಿಯಾಗಿ ಪರದೆ ತಾನಾಗಿ ಸರಿಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಬೂದಿ ಬಣ್ಣವೂ ಪರವಾಗಿಲ್ಲ ಎನ್ನಿಸಿತು.

ಆದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಪರದೆಯೊಂದೇ ಹಳೆಯ ಹೆಸರು ನೆನಪಿಟ್ಟುಕೊಂಡದ್ದು. ಉಳಿದದ್ದಕ್ಕೆಲ್ಲ ಅವಳು ಬಾಲ್ಕನಿಯ ತುದಿಗೆ ಓಡಾಡಿ ನನ್ನ ಉದ್ದನೆಯ ವಾಕ್ಯ ಕಲಿಸಿದ್ದಳಲ್ಲ, ಅವೆಲ್ಲ ಒಟ್ಟಿಗೆ ಕೈಕೊಟ್ಟವು. ನಾನು ಒಳಗೆ ಬಂದು ಮೆಟ್ಟಿಲ ಹತ್ತಿರ ನಿಂತಿದ್ದೇನೆ, ಮೇಲಿನಿಂದ ಅವಳ ದನಿ:

'ಅಕ್ಕಾ, ಏನ್ ಮಾಡ್ದೆ ನೀನು!'

ಬೀದಿಯ ಕೊನೆಯ ಮನೆಗೂ ಕೇಳಿಸಿರುತ್ತದೆ. ಮೊದಲು ಮಾತಾಡಿದವಳು ಅವಳು, ಸೋತವಳು ಅವಳು. ಈಗ ಆ ಕೂಗು ಲೆಕ್ಕಕ್ಕಿಲ್ಲ ಎಂದು ವಾದಿಸುತ್ತಾಳೆ. ಆಮೇಲೆ ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಕೂತು ನಾನು ಪಾಸ್‌ವರ್ಡ್ ಕುಟ್ಟಿದೆ, ಅವಳು ದೀಪ ಮಿಣಕಿಸಿದಳು. ಅಷ್ಟು ಹೊತ್ತೂ ಜಗಳವಾಡಿದೆವು. ನ್ಯಾಯ ಹೇಳಿ.

ನಿಮ್ಮವಳು


ಏಪ್ರಿಲ್ 3

ಭಾವ,

ಇದೇ ಲಕೋಟೆಯಲ್ಲಿ ನನ್ನದನ್ನೂ ಸೇರಿಸುತ್ತಿದ್ದೇನೆ, ಅಕ್ಕ ಎದುರಿಗೇ ಕೂತು ಅಂಟು ಹಚ್ಚುತ್ತಿದ್ದಾಳೆ.

ಅವಳು ಒಂದು ವಿಷಯ ನುಂಗಿದ್ದಾಳೆ. ನಾನು ಕೂಗುವುದಕ್ಕೆ ಮುಂಚೆ ನನ್ನ ಸ್ಪೀಕರು 'ಇಂಟರ್ನೆಟ್ ಸಿಗುತ್ತಿಲ್ಲ, ಇಂಟರ್ನೆಟ್ ಸಿಗುತ್ತಿಲ್ಲ' ಎಂದು ಬಡಬಡಿಸತೊಡಗಿತು. ಅದಕ್ಕೆ ಮೆಟ್ಟಿಲ ಬುಡದಿಂದ ಅಕ್ಕ, 'ಸಿಗುತ್ತೆ, ಸ್ವಲ್ಪ ತಡ್ಕೊಳ್ಳೇ' ಎಂದಳು. ನನ್ನ ಕಿವಿಯಾರೆ ಕೇಳಿದೆ. ಹಾಗಾಗಿ ಮೊದಲು ಮಾತಾಡಿದವಳು ಅವಳು. ಅದು ಯಂತ್ರಕ್ಕೆ ಹೇಳಿದ್ದು ಎನ್ನುತ್ತಾಳೆ. ಯಂತ್ರಕ್ಕೆ ಯಾರಾದರೂ 'ತಡ್ಕೊಳ್ಳೇ' ಎನ್ನುತ್ತಾರೆಯೇ? ಅದು ನನಗೆ ಹೇಳುವ ಧಾಟಿ.

ನಿಮ್ಮ ಒಣ ಬ್ರೆಡ್ಡಿನ ಶಿಕ್ಷೆ ಮುಗಿಯಬೇಕೋ ಬೇಡವೋ ಯೋಚಿಸಿ ತೀರ್ಪು ಕೊಡಿ.

ನಿಮ್ಮ ನಾದಿನಿ


ಏಪ್ರಿಲ್ 6

ಇಬ್ಬರಿಗೂ,

ರೈಲಿನಲ್ಲಿ ಯಾರು ಮೊದಲು ಕೂಗಿದರು ಎಂಬುದು ಗಾರ್ಡಿಗೆ ಮುಖ್ಯವಲ್ಲ, ಗಾಡಿ ಹೊರಟಿತೋ ಇಲ್ಲವೋ ಎಂಬುದು ಮುಖ್ಯ. ಎರಡೂ ಕಡೆಯ ವಾದ ಓದಿದೆ. ಮೊದಲು ಮಾತಾಡಿದ್ದು ಸ್ಪೀಕರು. ಆದ್ದರಿಂದ ಸೋತದ್ದೂ ಸ್ಪೀಕರು. ಇದರ ಮೇಲೆ ಮೇಲ್ಮನವಿ ಇಲ್ಲ.

ಶುಕ್ರವಾರ ಬರುತ್ತೇನೆ. ಎರಡೂ ಮನೆಯಲ್ಲಿ ಚಹಾ ಬೇಕು, ಸಕ್ಕರೆ ಸರಿಯಾಗಿ.

ಗಾರ್ಡು


ಜೂನ್ 11

ಪಾಪಚ್ಚಿ,

ಎದುರಿಗೆ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ. ಬರೆದು ಅಭ್ಯಾಸವೂ ಆಗಿಬಿಟ್ಟಿದೆ.

ನೇರಳೆ ಪರದೆಯನ್ನು ನಿನ್ನ ಮಂಚದ ಕೆಳಗಿನಿಂದ ನಾನು ತಂದದ್ದಕ್ಕೆ ಇಷ್ಟು ರಂಪ ಬೇಡ. ಮೋಟಾರಿನ ಕಂಬಿಯನ್ನು ನಾನೇ ಅಳತೆ ಮಾಡಿ, ಅದಕ್ಕೆ ಕೂರುವ ಕೊಕ್ಕೆ ಹುಡುಕಿ ತಂದಿದ್ದೇನೆ. ಮೋಟಾರು ಇದರ ಎರಡರಷ್ಟು ಭಾರ ಎಳೆಯುತ್ತದಂತೆ, ಅದರ ಪುಸ್ತಕದಲ್ಲೇ ಇದೆ. ಅಂಗಡಿಯವರಿಗೆ ತಮ್ಮ ಪರದೆ ಮಾರಬೇಕಿತ್ತು, ಅಷ್ಟೆ. ಲೈನಿಂಗ್ ತೆಗೆದು ಹಗುರ ಮಾಡಲೇ ಎಂದು ಒಂದು ಹೊಲಿಗೆ ಬಿಚ್ಚಿ ನೋಡಿದೆ, ಮನಸ್ಸಾಗಲಿಲ್ಲ, ಮತ್ತೆ ಹಾಕಿದೆ.

ಆದರೆ ಈಗ ಕೊಡುವುದಿಲ್ಲ. ಕೊಟ್ಟರೆ ನಾನು ಗಿರಾಕಿಯ ಮನೆಗೆ ಹೋದ ಹೊತ್ತು ನೋಡಿ ನೀನೇ ಸ್ಟೂಲು ಹತ್ತುತ್ತೀಯ. ನಿನ್ನ ಕೈ ಮೇಲೆದ್ದ ದಿನ ಕೊಡುತ್ತೇನೆ. ಷರತ್ತು ಹಾಕಲು ನನಗೂ ಬರುತ್ತದೆ.

ಬಾಚಣಿಗೆ ಹಿಡಿದು ಬಂದಿದ್ದೇನೆಯೇ? ಅಂಗಡಿ ಮುಚ್ಚಿದ್ದೇನೆಯೇ? ಬೆಳಿಗ್ಗೆ ನಿನ್ನ ಪರದೆ ಸರಿಯುವುದನ್ನು ಬೀದಿಯಿಂದ ನೋಡುತ್ತೇನೆ, ಆಮೇಲೆ ಹೋಗಿ ಅಂಗಡಿ ತೆಗೆಯುತ್ತೇನೆ. ಅಷ್ಟಕ್ಕೆ ನಿನ್ನ ಅಪ್ಪಣೆ ಬೇಕಾಗಿಲ್ಲ. ಗೋಡೆಯ ಮೇಲಿನ ಗುರುತು ಎಲ್ಲಿಯವರೆಗೆ ಬಂತು ಎಂದು ನಿನ್ನ ಭಾವನ ಕೈಯಲ್ಲಿ ಹೇಳಿ ಕಳಿಸುವುದನ್ನು ಮಾತ್ರ ನಿಲ್ಲಿಸಬೇಡ. ಮೊನ್ನೆ 'ಗಲ್ಲ' ಎಂದರು. ಇವರ ಗಲ್ಲವೋ ನಿನ್ನ ಗಲ್ಲವೋ ಸರಿಯಾಗಿ ಹೇಳಲಿಲ್ಲ.

ಅಕ್ಕ


ನವೆಂಬರ್ 8

ಅಕ್ಕ,

ನೀನು ಅಂಗಡಿಯಲ್ಲಿ ಗಿರಾಕಿಗಳ ಜೊತೆ ಇದ್ದೀಯ, ದನಿ ಕೇಳಿಸುತ್ತಿದೆ. ಕೂಗಿ ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತದೆ ಎಂದು ಬರೆಯುತ್ತಿದ್ದೇನೆ.

ಬೀದಿಯಿಂದ ನೋಡಿ ಹೆದರಬೇಡ, ನನ್ನ ಪರದೆ ಮುಚ್ಚಿದೆ. ಕೆಟ್ಟದ್ದೇನೂ ಆಗಿಲ್ಲ. ಬೆಳಿಗ್ಗೆ ಎಂದಿನಂತೆ ಗೋಡೆಯ ಮೇಲೆ ಬೆರಳು ಹತ್ತಿಸುತ್ತಿದ್ದೆ. ಹಳೆಯ ಗುರುತು ದಾಟಿತು, ತಲೆ ದಾಟಿತು, ಹತ್ತುತ್ತಲೇ ಹೋಯಿತು. ನೋವು ಬರುತ್ತದೆ ಎಂದು ಕಾದೆ, ಬರಲಿಲ್ಲ. ಸ್ಟೂಲು ಹಾಕಿಕೊಂಡು ಹತ್ತಿದೆ. ಬೈಯುವುದನ್ನು ಆಮೇಲೆ ಬೈಯುವೆಯಂತೆ. ಬಲಗೈ ಎತ್ತಿದೆ. ಮೋಟಾರಿನ ಮೇಲಿನ ಗುಂಡಿಯವರೆಗೆ ಹೋಯಿತು ಅಕ್ಕ. ಒತ್ತುವ ಅಗತ್ಯವೇನೂ ಇರಲಿಲ್ಲ, ಪರದೆ ಚೆನ್ನಾಗಿಯೇ ಓಡಾಡುತ್ತಿತ್ತು. ಕೈ ಅಲ್ಲಿಗೆ ಮುಟ್ಟಿತಲ್ಲ ಎಂದು ಒತ್ತಿದೆ, ಕೆಂಪು ದೀಪ ಬರುವವರೆಗೂ ಹಿಡಿದೇ ನಿಂತಿದ್ದೆ. ಅಲ್ಲೇ ನಿಂತು ಅತ್ತೆ, ಆಮೇಲೆ ನಕ್ಕೆ.

ಈಗ ಅದು ಮುಚ್ಚಿಕೊಂಡು ಎಲ್ಲವನ್ನೂ ಮರೆತಿದೆ. ವೈಫೈ ಯಾವುದು, ಮನೆ ಯಾವುದು, ಯಾವಾಗ ತೆರೆಯಬೇಕು, ಒಂದೂ ಗೊತ್ತಿಲ್ಲ. ಸಂಜೆ ಅಂಗಡಿ ಮುಚ್ಚಿದ ಮೇಲೆ ಮೇಲೆ ಬಾ, ಪಾಸ್‌ವರ್ಡ್ ನೀನೇ ಕುಟ್ಟು. ಬಾಚಣಿಗೆಯನ್ನೂ ತಾ, ನಿನ್ನ ತಲೆ ನಾನು ಬಾಚುತ್ತೇನೆ, ನಿಂತುಕೊಂಡೇ.

ಇದನ್ನು ಬುಟ್ಟಿಯಲ್ಲಿ ಇಳಿಸಿದ್ದೇನೆ, ನಿನ್ನ ಕಿಟಕಿಯ ಹೊರಗೆ ತೂಗುತ್ತಿದೆ ನೋಡು. ಪತ್ರ ತೆಗೆದುಕೊಂಡು ಬುಟ್ಟಿಯನ್ನು ಖಾಲಿ ಕಳಿಸಬೇಡ. ನೇರಳೆ ಪರದೆಯ ಒಂದು ಪಕ್ಕ ಇಡು, ಲೈನಿಂಗ್ ಸಮೇತ. ನಾನು ಎಳೆದುಕೊಳ್ಳುತ್ತೇನೆ.

ನಿನ್ನ
ಪಾಪಚ್ಚಿ